ಮಳೆಗಾಲದಲ್ಲಿ ಒಣಗಿಸಿದ ಬೇವು: ನನ್ನ ಅನುಭವ

ಬೇವಿನ ಹಲಗೆಯ ಟೇಬಲ್ ಒಂದು ನಮ್ಮ ಧಾರವಾಡದ ಮನೆಯಲ್ಲಿ ಎರಡು ಮಳೆಗಾಲ ಮತ್ತು ನಡುವಿನ ಬೇಸಿಗೆ ದಾಟಿ ನಿಂತಿದೆ. ಸೀಳಿಲ್ಲ, ದೋಣಿಯಂತೆ ಬಾಗಿಲ್ಲ. ಅಡ್ಡಕ್ಕೆ ಉಕ್ಕಿನ ಸ್ಕೇಲ್ ನಿಲ್ಲಿಸಿ ನೋಡಿದರೆ ಕೆಳಗೆ ಕೂದಲೆಳೆಯಷ್ಟು ಬೆಳಕು ಕಾಣುತ್ತದೆ, ಅಷ್ಟೇ. ಆಫೀಸು ಮುಗಿಸಿ ಬಂದು ಹಿತ್ತಲಲ್ಲಿ ಬಡಗಿ ಕೆಲಸ ಮಾಡುವವನಿಗೆ ಇಷ್ಟು ಸಾಕಲ್ವಾ?

ಇದನ್ನು ಬರೆಯೋಕೆ ಕಾರಣ ಟೇಬಲ್ ಅಲ್ಲ, ಹಲಗೆ ಒಣಗಿಸಿದ ರೀತಿ. ಕೊಯ್ಸಿದ ಹಸಿ ಬೇವನ್ನು ಜೂನ್ ಮೊದಲ ವಾರ ಪೇರಿಸಿ ಇಟ್ಟಾಗ ನಮ್ಮ ಓಣಿಯ ಬಡಿಗೇರ ಕಾಕಾ ನಕ್ಕಿದ್ದರು. "ಮಳಿಗಾಲದಾಗ ಯಾರರ ಕಟಗಿ ಒಣಗಸ್ತಾರೇನ್ರೀ ಸರ? ಅದೂ ಬ್ಯಾವು. ಒಲಿಗೆ ಹಾಕ್ರಿ, ನೀರರ ಕಾಯ್ತಾವು." ಆಫೀಸಿನ ಗೆಳೆಯರೂ ಅದೇ ರಾಗ. ಸಾಗವಾನಿ ತಗೋ, ಇಲ್ಲದಿದ್ದರೆ ಪ್ಲೈವುಡ್ ತಗೋ ಅಂದರು. ಸಾಗವಾನಿಗೆ ಆಗ ನನಗೆ ಹೇಳಿದ ರೇಟು ಘನ ಅಡಿಗೆ 4,000 ರೂಪಾಯಿ ಆಸುಪಾಸು. ಕಲಿಯುವವನು ಆ ರೇಟಿನ ಕಟ್ಟಿಗೆಗೆ ಉಳಿ ಇಡುವಾಗ ಕೈ ನಡುಗುತ್ತದೆ. ಬೇವಿಗೆ ಹಾಗಿಲ್ಲ.

ಮೊದಲ ಲಾಟ್ ಕಥೆ ಹೇಳಿಬಿಡುತ್ತೇನೆ. ಹಿಂದಿನ ವರ್ಷ ಕಲಘಟಗಿ ಕಡೆಯ ನೆಂಟರ ಹೊಲದ ಬದುವಿನಲ್ಲಿದ್ದ ಬೇವು. ಫೆಬ್ರುವರಿಯಲ್ಲಿ ಕೊಯ್ಸಿದ್ದು. ಎಲ್ಲರೂ ಹೇಳಿದ ಹಾಗೆ ಮಾಳಿಗೆ ಮೇಲೆ ಬಿಸಿಲಿಗೆ ಹಾಕಿದೆ. ಒಂದೆರಡು ವಾರ ಏನೂ ಆಗಲಿಲ್ಲ. ಆಮೇಲೆ ರಾತ್ರಿ ಮಲಗಿದಾಗ ಮೇಲಿಂದ ಟಪ್, ಟಪ್ ಅಂತ ಸದ್ದು. ಬೆಕ್ಕು ಇರಬೇಕು ಅಂದುಕೊಂಡೆವು. ಬೆಳಿಗ್ಗೆ ಹತ್ತಿ ನೋಡಿದರೆ ಹಲಗೆಗಳ ತುದಿಯಿಂದ ಗೇಣುದ್ದ ಸೀಳು. ಯುಗಾದಿ ಬರುವಷ್ಟರಲ್ಲಿ ಮೂರರಲ್ಲಿ ಎರಡು ಭಾಗ ಒಲೆ ಪಾಲಾಯಿತು. ನಡುತಿರುಳು, ಅಂದರೆ ಬೊಡ್ಡೆಯ ನಟ್ಟನಡುವಿನ ಭಾಗ, ಸೇರಿಸಿ ಕೊಯ್ದ ಹಲಗೆಗಳಂತೂ ಒಂದೂ ಉಳಿಯಲಿಲ್ಲ. ಕಟ್ಟಿಗೆ, ಕೊಯ್ಲು, ಗಾಡಿ ಬಾಡಿಗೆ ಸೇರಿ 5,000 ಹತ್ತಿರ ಹೋಯಿತು.

ಕಾರಣ ಇಷ್ಟೇ. ಹೊರಮೈ ಬೇಗ ಒಣಗಿ ಕುಗ್ಗುತ್ತದೆ, ಒಳಗೆ ಇನ್ನೂ ಹಸಿ, ಆ ಎಳೆದಾಟಕ್ಕೆ ಹಲಗೆ ಸೀಳುತ್ತದೆ. ತುದಿಯಿಂದ ನೀರು ಅಗಲಮೈಗಿಂತ ಹತ್ತಾರು ಪಟ್ಟು ಬೇಗ ಹೋಗುತ್ತದೆ. ನಮ್ಮ ಮಾರ್ಚ್ ಗಾಳಿಯಲ್ಲಿ ಒಗೆದ ಬಟ್ಟೆ ಗಂಟೆಯೊಳಗೆ ಒಣಗುತ್ತದೆ. ಹಸಿ ಹಲಗೆಗೆ ಅಂಥ ಗಾಳಿ ತಾಗಬಾರದು. ನಿಧಾನವಾಗಿ ಒಣಗಬೇಕು ಅಂತಾದರೆ ಹೊರಗಿನ ಗಾಳಿಯೇ ತೇವ ಇರುವ ತಿಂಗಳಲ್ಲಿ ಶುರು ಮಾಡಿದರೆ ಏನಾಗುತ್ತದೆ ಅಂತ ಯೋಚಿಸಿದೆ. ಧಾರವಾಡದ ಜಿಟಿಜಿಟಿ ಮಳೆ ಜೂನ್‌ನಿಂದ ಸೆಪ್ಟೆಂಬರ್ ತನಕ ಪುಕ್ಕಟೆ ಸಿಗುತ್ತದೆ. ಹಲಗೆ ಆರಂಭದ ಹಸಿಯನ್ನು ಆ ತೇವದಲ್ಲೇ ಬಿಡಲಿ, ಚಳಿಗಾಲದಲ್ಲಿ ಉಳಿದದ್ದು ಹೋಗಲಿ, ಬೇಸಿಗೆ ಹೊತ್ತಿಗೆ ಕೆಲಸಕ್ಕೆ ಸಿಗಲಿ. ಲೆಕ್ಕ ಇಷ್ಟೇ.

ಎರಡನೇ ಮರ ಸಿಕ್ಕಿದ್ದು ಮೇ ತಿಂಗಳ ಅಡ್ಡಮಳೆ ಗಾಳಿಯಿಂದ. ಪಕ್ಕದ ಓಣಿಯ ಹಿತ್ತಲಲ್ಲಿ ಬುಡಸಮೇತ ಬಿದ್ದಿತ್ತು. ಸೌದೆ ರೇಟಿಗೆ ಕೊಟ್ಟರು, ಬೊಡ್ಡೆ ಮಾತ್ರ ತಗೊಂಡೆ. ಕೊಯ್ಸೋಕೆ ಮಾತ್ರ ಸಾಕುಬೇಕಾಯಿತು. ಮನೆ ಹತ್ತಿರದ ಮರ ಅಂದರೆ ಸಾ ಮಿಲ್‌ನವರು ಮುಖ ತಿರುಗಿಸುತ್ತಾರೆ, ಒಳಗೆ ಮೊಳೆ ಇರುತ್ತದೆ ಅಂತ. ಅವರ ಮಾತೂ ಸುಳ್ಳಲ್ಲ. ಒಂದು ಮಿಲ್‌ನಲ್ಲಿ ಒಪ್ಪಿದರು, ಬ್ಲೇಡಿಗೆ ಏಟಾದರೆ 600 ಬೇರೆ ಅಂತ ಷರತ್ತು ಹಾಕಿ. ಮೂರನೇ ಹಲಗೆಗೇ ಕಿರ್ರ್ ಅಂತು. ಬಟ್ಟೆ ಒಣಹಾಕುವ ತಂತಿಯ ಕೊಂಡಿ, ಎರಡು ಬೆರಳಷ್ಟು ಒಳಗೆ. ಸುತ್ತಲಿನ ಕಟ್ಟಿಗೆ ಮಸಿ ಬಳಿದಂತೆ ಕಪ್ಪಾಗಿತ್ತು. 600 ಕೊಟ್ಟೆ. ಆ ಕಪ್ಪು ಗುರುತಿನ ಹಲಗೆಯನ್ನೇ ಈಗ ಟೇಬಲ್ ನಡುವೆ ಹಾಕಿದ್ದೇನೆ, ಬಂದವರೆಲ್ಲ ಅದನ್ನೇ ಮುಟ್ಟಿ ನೋಡುತ್ತಾರೆ.

ಒಂದು ಇಂಚು ದಪ್ಪ ಬೇಕಿದ್ದರೆ ಒಂದೂಕಾಲು ಕೊಯ್ಸಿ. ನಡುತಿರುಳು ಅಲ್ಲೇ ಬಿಟ್ಟು ಬನ್ನಿ, ಆಸೆ ಬೇಡ. ಅದೇ ಸಂಜೆ ತುದಿಗಳಿಗೆ ಮೇಣ ಕಾಯಿಸಿ ಬಳಿಯಬೇಕು, ಮರುದಿನ ಅಂದರೆ ತಡ. ಮೇಣದಬತ್ತಿ ಕರಗಿಸಿದರೂ ನಡೆಯುತ್ತದೆ, ಆದರೆ ಬರೀ ಅದು ಚಳಿಗೆ ಬಿರಿದು ಉದುರುತ್ತದೆ. ನಾನು ಇನ್ನೊಂದು ಸಾಮಾನು ಬೆರೆಸುತ್ತೇನೆ, ಅದು ನನ್ನ ಹತ್ತಿರವೇ ಇರಲಿ. ನೀವೂ ನಾಲ್ಕು ತುಂಡು ಹಾಳು ಮಾಡಿದರೆ ಗೊತ್ತಾಗುತ್ತದೆ.

ಪೇರಿಸಿದ್ದು ಉತ್ತರದ ಗೋಡೆ ಪಕ್ಕ, ತಗಡಿನ ಕೆಳಗೆ, ನೆಲದಿಂದ ಮೊಣಕಾಲೆತ್ತರ. ಹಲಗೆ ಹಲಗೆ ನಡುವೆ ಒಂದಿಂಚು ದಪ್ಪದ ಒಣ ಪಟ್ಟಿ, ಒಂದೂವರೆ ಅಡಿಗೊಂದು. ಪಟ್ಟಿಗಳೆಲ್ಲ ಮೇಲಿಂದ ಕೆಳಗೆ ಒಂದೇ ಸಾಲಿನಲ್ಲಿ ಇರಲೇಬೇಕು. ಒಂದು ಆಚೀಚೆ ಆದರೂ ಹಲಗೆ ಅಲ್ಲೇ ಬಗ್ಗುತ್ತದೆ. ಮೇಲೆ ಭಾರಕ್ಕೆ ಮನೆ ಕಟ್ಟಿದಾಗ ಉಳಿದಿದ್ದ ಶಹಾಬಾದ್ ಪರಸಿ ಕಲ್ಲು, ಅಂದಾಜು ಒಂದೂವರೆ ಕ್ವಿಂಟಲ್.

ಮಳೆಗಾಲದ ಕಾಟ ಅಂದರೆ ಬೂಷ್ಟು. ತೊಗಟೆ ಪಕ್ಕದ ಬಿಳಿ ಕಟ್ಟಿಗೆಗೆ ಜುಲೈನಲ್ಲಿ ಹಸಿರು-ಕಪ್ಪು ಬೂಷ್ಟು ಬಂತು. ಬಿಳಿಗಾರ (ಬೋರಾಕ್ಸ್) ನೀರಲ್ಲಿ ಕರಗಿಸಿ ಬ್ರಶ್‌ನಿಂದ ಹಚ್ಚಿದೆ, ಹಗಲು ಹಳೇ ಟೇಬಲ್ ಫ್ಯಾನ್ ಹಾಕಿದೆ. ನಿಂತಿತು. ಅದೇ ಬಿಳಿಗಾರ ಹುಳಕ್ಕೂ ಆಗುತ್ತದೆ.

ಒಣಗಿದ್ದು ಗೊತ್ತಾಗೋದು ಹೇಗೆ? ಬಡಿದು ಸದ್ದು ಕೇಳೋದು, ಕೆನ್ನೆಗೆ ಒತ್ತಿ ನೋಡೋದು ನನಗೆ ಬರಲಿಲ್ಲ. ತೂಕವೇ ನಂಬಿಕೆಯದು. ಹಲಗೆಯ ನಡುವಿನಿಂದ ಸಣ್ಣ ತುಂಡು ಕೊಯ್ದು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ, 212 ಗ್ರಾಂ ಇತ್ತು ಅಂತ ನೆನಪು. ಕೇಕ್ ಮಾಡುವ ಓವನ್‌ನಲ್ಲಿ 100 ಡಿಗ್ರಿ ದಾಟದ ಹಾಗೆ ತೂಕ ಇಳಿಯೋದು ನಿಲ್ಲುವ ತನಕ ಇಟ್ಟೆ. 150ಕ್ಕೆ ನಿಂತಿತು. ಹೋದ ನೀರು 62 ಗ್ರಾಂ, ಅದನ್ನು 150ರಿಂದ ಭಾಗಿಸಿದರೆ 41 ಪರ್ಸೆಂಟ್ ತೇವ. ಓವನ್ ವಾಸನೆ ಬಗ್ಗೆ ಮನೆಯಲ್ಲಿ ಏನಂದರು ಅನ್ನೋದು ಇಲ್ಲಿ ಬೇಡ. ಆಮೇಲೆ ಒಂದು ಹಲಗೆಗೆ ನಂಬರ್ ಹಾಕಿ ಆಗಾಗ ಅದನ್ನೇ ತೂಗುತ್ತಾ ಹೋದೆ. ಆಗಸ್ಟ್‌ನಲ್ಲಿ ತೂಕ ಇಳಿಯೋದೇ ನಿಂತಿತು, ಒಂದು ವಾರ ಸ್ವಲ್ಪ ಏರಿತು ಕೂಡ. ಆಗ ನನಗೂ ಅನುಮಾನ ಬಂತು. ಅಕ್ಟೋಬರ್‌ನಿಂದ ಮತ್ತೆ ಇಳಿದು, ಮಾರ್ಚ್ ಹೊತ್ತಿಗೆ ಲೆಕ್ಕ 12-13 ಪರ್ಸೆಂಟ್‌ಗೆ ಬಂತು. ಇಂಚಿಗೆ ಒಂದು ವರ್ಷ ಅನ್ನುತ್ತಾರಲ್ಲ, ಅದಕ್ಕಿಂತ ಸ್ವಲ್ಪ ಮೊದಲೇ. ಗದಗಿನ ಗೆಳೆಯನೊಬ್ಬ ಇದನ್ನೇ ಮಾಡಿದ, ಅಲ್ಲಿ ಮಳೆ ಕಡಿಮೆ, ಬಿಸಿಗಾಳಿ ಜಾಸ್ತಿ. ಅವನು ಸುತ್ತ ಗೋಣಿಚೀಲ ಇಳಿಬಿಡಬೇಕಾಯಿತು.

ಒಂದು ಹದಿನೈದು ಹಲಗೆಯಲ್ಲಿ ಕೆಟ್ಟಿದ್ದು ಎರಡೋ ಮೂರೋ. ಕಾಕಾ ಬಂದು ಒಂದನ್ನು ಎತ್ತಿ, ಒಂದು ಕಣ್ಣು ಮುಚ್ಚಿ ಅಂಚಿನುದ್ದಕ್ಕೂ ನೋಡಿದರು. ಏನೂ ಅನ್ನಲಿಲ್ಲ. "ಚಾ ಹಾಕಸ್ರಿ" ಅಂದರು.

ಹಲಗೆ ನುಣುಪು ಮಾಡೋಕೆ ರಂದಾ (ಕೀಸುಳಿ) ಹೊಡೆಯೋದು ಇನ್ನೊಂದು ತಲೆನೋವು. ಬೇವಿನ ಎಳೆ ಒಂದು ಪದರ ಹೀಗೆ, ಇನ್ನೊಂದು ಪದರ ಹಾಗೆ. ಯಾವ ಕಡೆಯಿಂದ ತಳ್ಳಿದರೂ ಎಲ್ಲೋ ಒಂದು ಕಡೆ ಕಿತ್ತು ಬರುತ್ತದೆ. ರಂದಾ ಬ್ಲೇಡಿನ ಮೇಲೆ ಕೂರುವ ತಗಡಿನ ಪಟ್ಟಿಯನ್ನು ಬ್ಲೇಡಿನ ಅಂಚಿಗೆ ತೀರಾ ಹತ್ತಿರ ತಂದು, ರಂದಾ ಓರೆ ಹಿಡಿದು ಮುಕ್ಕಾಲು ಕೆಲಸ ಮುಗಿಸಿದೆ. ಉಳಿದದ್ದು ಹಳೇ ಗರಗಸದ ತುಂಡಿನಿಂದ ಹೆರೆದದ್ದು. ತುಂಡಿನ ಅಂಚನ್ನು ಅರದಿಂದ ಚೌಕ ಮಾಡಿ, ಸ್ಕ್ರೂಡ್ರೈವರ್‌ನ ಉಕ್ಕಿನ ಕಡ್ಡಿಯಿಂದ ಒತ್ತಿ ಎಳೆದರೆ ಕಣ್ಣಿಗೆ ಕಾಣದ ಕೊಕ್ಕೆ ಏಳುತ್ತದೆ. ಸರಿ ಎದ್ದಿದ್ದರೆ ಪುಡಿ ಬರುವುದಿಲ್ಲ, ಈರುಳ್ಳಿ ಸಿಪ್ಪೆಯಂಥ ಸುರುಳಿ ಬರುತ್ತದೆ. ಆದರೂ ಸ್ವಲ್ಪ ದೂಳು ಏಳುತ್ತದೆ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಹಲಗೆ ಜೋಡಿಸಿದ್ದು ಫೆವಿಕಾಲ್‌ನಿಂದ, ಎರಡಡಿ ಅಗಲ. ಕೆಳಗಿನ ಚೌಕಟ್ಟಿಗೆ ಮಾತ್ರ ಅಂಟೂ ಇಲ್ಲ, ಮೊಳೆಯೂ ಇಲ್ಲ. ಚೌಕಟ್ಟಿನ ಒಳಬದಿ ಉದ್ದ ತೋಡು ತೆಗೆದು, ಅದರಲ್ಲಿ ಸರಿಯುವ ಸಣ್ಣ ಕಟ್ಟಿಗೆ ತುಂಡುಗಳನ್ನು ಹಲಗೆಗೆ ಸ್ಕ್ರೂ ಮಾಡಿದ್ದೇನೆ. ಏಪ್ರಿಲ್‌ನಲ್ಲಿ ಪೆನ್ಸಿಲ್ ಗುರುತು ಹಾಕಿ ಆಗಸ್ಟ್‌ನಲ್ಲಿ ನೋಡಿದರೆ ಅಗಲ 4 ಮಿಲಿಮೀಟರ್ ಬೆಳೆದಿತ್ತು. ಬಿಗಿ ಮಾಡಿದ್ದರೆ ಹಲಗೆ ಅಥವಾ ಕಾಲು, ಎರಡರಲ್ಲಿ ಒಂದು ಹೋಗುತ್ತಿತ್ತು. ಕಾಲಿಗೆ ಬಳಸಿದ್ದು ನವಲಗುಂದ ಕಡೆ ಕೆಡವಿದ ಮಾಳಿಗೆ ಮನೆಯ ಸಾಗವಾನಿ ಜಂತಿ, 1,400ಕ್ಕೆ ಸಿಕ್ಕಿತು.

ಪಾಲಿಶ್‌ನಲ್ಲಿ ಸುಮ್ನೆ ಸುತ್ತಾಡಿದೆ. ಕಲಘಟಗಿ ತೊಟ್ಟಿಲಿನ ಅರಗಿನ ಹೊಳಪು ನೋಡಿ ನನಗೂ ಅರಗೇ ಬೇಕೆನಿಸಿತು. ಅರಗಿನ ಚಕ್ಕೆ ಸ್ಪಿರಿಟ್‌ನಲ್ಲಿ ಕರಗಿಸಿ ಮಳೆ ದಿನ ಹಚ್ಚಿದೆ, ಗಾಳಿಯ ತೇವ ಸೇರಿ ಹಾಲು ಚೆಲ್ಲಿದಂತೆ ಬೆಳ್ಳಗಾಯಿತು. ಕುಸುಬಿ ಎಣ್ಣೆ ಒಂದು ತುಂಡಿಗೆ ಹಚ್ಚಿದೆ, ತಿಂಗಳಾದರೂ ಕೈಗೆ ಅಂಟುತ್ತಿತ್ತು. ಗಾಣದ ಅಗಸಿ ಎಣ್ಣೆ ಗೆದ್ದಿತು, ಆದರೆ ತೆಳ್ಳಗೆ ಹಚ್ಚಿ ಅರ್ಧ ಗಂಟೆಗೆ ಒರೆಸಬೇಕು, ವಾರ ಬಿಟ್ಟು ಮತ್ತೊಂದು ಕೈ. ಮಳೆ ಬಿಟ್ಟ ಮೇಲೆಯೇ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಒಳಗೇ ಕಾದು ತಾನಾಗಿ ಹೊತ್ತಿಕೊಳ್ಳುತ್ತದೆ. ಹರವಿ ಒಣಗಿಸಿ.

ಖರ್ಚು: ಬೊಡ್ಡೆ 2,000, ಕೊಯ್ಲು ದಂಡ ಸೇರಿ 2,400, ಟಂಟಂ ಆಟೋ ಬಾಡಿಗೆ 700, ಜಂತಿ 1,400, ಅಂಟು-ಎಣ್ಣೆ-ಸ್ಕ್ರೂ ಸಾವಿರದೊಳಗೆ. ರಂದಾ, ಉಳಿ, ಗರಗಸಕ್ಕೆ ಹೋಗಿದ್ದ ನಾಲ್ಕೂವರೆ ಸಾವಿರ ಬೇರೆ. ಟೇಬಲ್‌ಗೆ ಹೋದದ್ದು ಹಲಗೆಗಳಲ್ಲಿ ಅರ್ಧದಷ್ಟು ಮಾತ್ರ, ಉಳಿದವು ಪರಸಿ ಕೆಳಗೆ ಹಾಗೇ ಇವೆ. ನನ್ನ ಕೂಲಿ ಲೆಕ್ಕ ಹಿಡಿದಿಲ್ಲ. ಹಿಡಿದರೆ ಅಂಗಡಿಯ ಸಾಗವಾನಿ ಟೇಬಲ್ಲೇ ಅಗ್ಗ ಅಂತ ನನ್ನ ಹೆಂಡತಿ ಆಗಲೇ ಲೆಕ್ಕ ಮಾಡಿ ಇಟ್ಟಿದ್ದಾಳೆ.