ಸೀಮೆಹುಲ್ಲು ಯಾವಾಗ ಕೊಯ್ಯಬೇಕು: ನನ್ನ ಅನುಭವ

ನಮ್ಮ ಕೋಲಾರದ ಕಡೆ ಹುಲ್ಲನ್ನು ಹೊರೆಯಲ್ಲೇ ಲೆಕ್ಕ ಹಾಕುತ್ತಾರೆ. ಆಳೆತ್ತರ ಬೆಳೆಯಲಿ, ಆಮೇಲೆ ಕೊಯ್ಯೋಣ ಅಂತಾರೆ. ಹೊರೆ ಜಾಸ್ತಿ ಸಿಗುತ್ತದೆ, ಅದು ನಿಜ. ಆದರೆ ಬೋರ್‌ವೆಲ್ ನೀರು ಕಟ್ಟಿ ಬೆಳೆದ ಹುಲ್ಲಿನಲ್ಲಿ ಹಸು ತಿಂದದ್ದೆಷ್ಟು, ಗೋದಲಿಯಲ್ಲಿ ಕಡ್ಡಿಯಾಗಿ ಉಳಿದದ್ದೆಷ್ಟು ಅಂತಲೂ ನೋಡಬೇಕು ಅಲ್ವಾ?

ನಾನು ಸಿಓ-4 ಅನ್ನೋ ನೇಪಿಯರ್ ತಳಿಯ ಸೀಮೆಹುಲ್ಲಿನ ತಾಕನ್ನು ಒಂಬತ್ತು ಪಟ್ಟಿ ಮಾಡಿಕೊಂಡೆ. ಒಂದೊಂದು ಪಟ್ಟಿ ಐದು ದಿನದ ಮೇವಿಗೆ. ಒಂಬತ್ತನೆಯದು ಮುಗಿಯುವ ಹೊತ್ತಿಗೆ ಮೊದಲನೆಯದಕ್ಕೆ 40ರಿಂದ 45 ದಿನ ತುಂಬಿರುತ್ತದೆ, ಮತ್ತೆ ಅಲ್ಲಿಂದ ಶುರು. ನಾಟಿ ಮಾಡಿದ ಮೇಲಿನ ಮೊದಲ ಕೊಯ್ಲಿಗೆ ಮಾತ್ರ 70-75 ದಿನ ಬಿಡಬೇಕು, ಬೇರು ಗಟ್ಟಿಯಾಗಲಿ ಅಂತ. ನೆಲದಿಂದ ನಾಲ್ಕೈದು ಇಂಚು ಬಿಟ್ಟು ಕೊಯ್ಯುತ್ತೇನೆ. ಬುಡಕ್ಕೇ ಕುಡುಗೋಲು ಹಾಕಿದರೆ ಹೊಸ ಕುಡಿ ಸೊರಗುತ್ತದೆ.

45 ದಿನವೇ ಯಾಕೆ? ಆ ವಯಸ್ಸಿನಲ್ಲಿ ಎಲೆ ಚೆನ್ನಾಗಿರುತ್ತದೆ, ಕಾಂಡ ಇನ್ನೂ ಮೆತ್ತಗಿರುತ್ತದೆ. ಗೊಬ್ಬರ ನೀರು ಸರಿಯಾಗಿದ್ದರೆ ಒಣತೂಕದಲ್ಲಿ ಸುಮಾರು 9-10 ಪರ್ಸೆಂಟ್ ಪ್ರೋಟೀನ್ ಇರುತ್ತದೆ. ಎರಡೂವರೆ ತಿಂಗಳು ದಾಟಿತೋ, ತೂಕ ಏರುತ್ತಾ ಹೋಗುತ್ತದೆ, ಆದರೆ ಏರುವುದೆಲ್ಲ ಕಾಂಡ, ನಾರು. ಪ್ರೋಟೀನ್ ಆರೇಳಕ್ಕೆ ಇಳಿದುಬಿಡುತ್ತದೆ. ಹಸುವಿನ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ನಾರನ್ನು ಕರಗಿಸಬೇಕಾದರೆ ಮೇವಿನಲ್ಲಿ ಹೆಚ್ಚುಕಡಿಮೆ 7 ಪರ್ಸೆಂಟ್ ಪ್ರೋಟೀನ್ ಬೇಕೇ ಬೇಕು. ಅದಕ್ಕಿಂತ ಇಳಿದರೆ ಮೇವು ನಿಧಾನವಾಗಿ ಜೀರ್ಣವಾಗುತ್ತದೆ, ಹಸು ತಿನ್ನುವುದೇ ಕಡಿಮೆಯಾಗುತ್ತದೆ, ಆ ಕೊರತೆಯನ್ನು ನಾವು ದುಡ್ಡು ಕೊಟ್ಟು ಹಿಂಡಿಯಲ್ಲಿ ತುಂಬಬೇಕಾಗುತ್ತದೆ.

ಹಾಗಂತ ತೀರಾ ಎಳೆಯದನ್ನೂ ಕೊಯ್ಯಬೇಡಿ. ಒಂದು ತಿಂಗಳ ಹುಲ್ಲು ನೋಡೋಕೆ ಚೆಂದ, ಆದರೆ ಬಹುಪಾಲು ನೀರು. ಸಗಣಿ ತೆಳ್ಳಗಾಗುತ್ತದೆ. ನಾರು ಕಡಿಮೆಯಾದರೆ ಹಾಲಿನ ಫ್ಯಾಟ್ ಬೀಳುತ್ತದೆ, ಡೈರಿಯಲ್ಲಿ ರೇಟು ಸಿಗುವುದೇ ಫ್ಯಾಟ್, ಎಸ್‌ಎನ್‌ಎಫ್ (ಫ್ಯಾಟ್ ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ನೋಡಿ. ಎಳೆ ಸೀಮೆಹುಲ್ಲಿನಲ್ಲಿ ಆಕ್ಸಲೇಟ್ ಕೂಡ ಜಾಸ್ತಿ, ಅದು ಹಸುವಿಗೆ ಸಿಗಬೇಕಾದ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೊಸದಾಗಿ ಕರು ಹಾಕಿದ ಹಸುವಿಗಂತೂ ಇದು ಒಳ್ಳೆಯದಲ್ಲ. ಮೇಲಿಂದ ಮೇಲೆ ಬೇಗ ಕೊಯ್ದರೆ ಬುಡದಲ್ಲಿ ಶಕ್ತಿ ಉಳಿಯದೆ ಹುಲ್ಲಿನ ಗುಂಪುಗಳೇ ಸಾಯುತ್ತವೆ. ವಿಧಿಯಿಲ್ಲದೆ ಎಳೆಯದನ್ನು ಕೊಯ್ದ ದಿನ ನಾನು ರಾಗಿ ಹುಲ್ಲು ಬೆರೆಸಿಯೇ ಹಾಕುತ್ತೇನೆ.

ಚಳಿಗಾಲದಲ್ಲಿ ಮಾತ್ರ ದಿನ ಎಣಿಸಿದರೆ ಸಾಲದು. ಡಿಸೆಂಬರ್, ಜನವರಿಯಲ್ಲಿ ಹುಲ್ಲು ನಿಧಾನವಾಗಿ ಏಳುತ್ತದೆ, ಇನ್ನೊಂದು ವಾರ ಹತ್ತು ದಿನ ಬಿಡಬೇಕು. ಬುಡದ ಎಲೆ ಹಳದಿಯಾಗಲು ಶುರುವಾಯಿತು ಅಂದರೆ ಇನ್ನು ಕಾಯಬೇಡಿ.

ಮುಸುಕಿನ ಜೋಳದ ಲೆಕ್ಕ ಬೇರೆ. ಆಫ್ರಿಕನ್ ಟಾಲ್ ಅನ್ನೋ ಮೇವಿನ ತಳಿಯನ್ನು ಹಸಿಯಾಗಿ ಹಾಕೋದಾದರೆ ಸೂಲಂಗಿ ಬಂದು ಕಾಳಲ್ಲಿ ಹಾಲು ತುಂಬುವಾಗ ಕೊಯ್ಯುತ್ತೇನೆ. ರಸಮೇವಿಗಾದರೆ (ಕತ್ತರಿಸಿ, ಗಾಳಿಯಾಡದಂತೆ ಚೀಲದಲ್ಲಿ ತುಳಿದಿಡುವ ಸೈಲೇಜ್) ಕಾಯುತ್ತೇನೆ, ಕಾಳಿನ ಹಾಲು ಹಿಟ್ಟಿನಂತಾಗಬೇಕು. ತೆನೆಯನ್ನು ಅಡ್ಡಕ್ಕೆ ಮುರಿದು ನೋಡಿದರೆ ಕಾಳಿನ ಹೊರಗಿನ ಅರ್ಧ ಗಟ್ಟಿಯಾಗಿ, ಒಳಗಿನ ಅರ್ಧದಲ್ಲಿ ಇನ್ನೂ ಹಾಲಿರಬೇಕು. ಗಿಡ ಹೀಗೆ ಒಣಗುತ್ತಾ ಬಂದರೂ ಕಾಳಲ್ಲಿ ಪಿಷ್ಟ ಸೇರುತ್ತಿರುತ್ತದೆ, ಹಾಗಾಗಿ ಈ ಬೆಳೆ ಸೀಮೆಹುಲ್ಲಿನ ಹಾಗೆ ಬೇಗ ಸತ್ವ ಕಳೆದುಕೊಳ್ಳುವುದಿಲ್ಲ. ಕತ್ತರಿಸಿದ ಮೇವನ್ನು ಮುಷ್ಟಿಯಲ್ಲಿ ಹಿಂಡಿ ನೋಡಿ. ನೀರು ತೊಟ್ಟಿಕ್ಕಿದರೆ ಇನ್ನೂ ಹಸಿ, ಚೀಲದ ತಳದಲ್ಲಿ ರಸ ಇಳಿದು ಕೆಟ್ಟ ನಾತ ಬರುತ್ತದೆ. ಮುಷ್ಟಿ ಬಿಟ್ಟ ತಕ್ಷಣ ಪುಡಿಪುಡಿಯಾದರೆ ತಡವಾಗಿದೆ, ಎಷ್ಟು ತುಳಿದರೂ ಗಾಳಿ ಹೋಗದೆ ಬೂಸ್ಟು ಹಿಡಿಯುತ್ತದೆ. ಉಂಡೆ ನಿಧಾನವಾಗಿ ಬಿಚ್ಚಿಕೊಂಡರೆ ಅದೇ ಹದ, ಅಂದರೆ ನೀರು ಬಿಟ್ಟು ಉಳಿಯುವ ಒಣಅಂಶ 30-35 ಪರ್ಸೆಂಟ್.

ಮೇವಿನ ಜೋಳದಲ್ಲಿ ಮಾತ್ರ ಅವಸರ ಬೇಡವೇ ಬೇಡ. ಎಳೆ ಜೋಳದಲ್ಲಿ ಸಯನೈಡ್ ವಿಷ ಇರುತ್ತದೆ, ಅದೂ ಮಳೆ ಕೈಕೊಟ್ಟು ಬಾಡಿದ ಹೊಲದಲ್ಲಿ, ಆಮೇಲೆ ಒಂದು ಮಳೆ ಬಿದ್ದು ಚಿಗುರಿದ ಕೂಳೆಯಲ್ಲಿ (ಕೊಯ್ದು ಉಳಿದ ಬುಡದಲ್ಲಿ) ತುಂಬಾ ಜಾಸ್ತಿ. ಹೊಲದಲ್ಲಿ ಅರ್ಧದಷ್ಟು ಗಿಡ ಹೂ ಬಿಡುವ ತನಕ ನಾನು ಕುಡುಗೋಲು ಹಾಕುವುದಿಲ್ಲ, ಹಸುಗಳನ್ನೂ ಆ ಕಡೆ ಬಿಡುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೆ ಹಸು ಏದುಸಿರು ಬಿಟ್ಟು, ಜೊಲ್ಲು ಸುರಿಸಿ, ತೂರಾಡಿದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ತಕ್ಷಣ ಪಶುವೈದ್ಯರಿಗೆ ಫೋನ್ ಮಾಡಿ. ಅದಕ್ಕೆ ಇಂಜೆಕ್ಷನ್ ಇದೆ, ಬೇಗ ಕೊಟ್ಟರೆ ಹಸು ಉಳಿಯಬಹುದು.