ಹನ್ನೊಂದು ಪುಟ ಬಿಟ್ಟು ಒಂದೇ ಹಾಳೆಗೆ ಬಂದದ್ದು: ಮಕ್ಕಳ ವೆಂಟಿಲೇಟರ್ ಅನುಭವ

ಮಕ್ಕಳ ಎಆರ್‌ಡಿಎಸ್‌ಗೆ (ಶ್ವಾಸಕೋಶದೊಳಗೆ ನೀರು ತುಂಬಿ ರಕ್ತಕ್ಕೆ ಆಮ್ಲಜನಕ ಸಾಲದಾಗುವ ತೀವ್ರ ಸ್ಥಿತಿ) ಪ್ರೋಟೋಕಾಲ್, ಅಂದರೆ ಬರೆದಿಟ್ಟ ಚಿಕಿತ್ಸಾ ಕ್ರಮ, ಅಂದಾಗ, "ಒಂದೊಂದು ಮಗು ಒಂದೊಂದು ಥರ, ಹಾಳೆ ನೋಡ್ಕೊಂಡು ವೆಂಟಿಲೇಟರ್ ತಿರುಗಿಸೋದಾ?" ಎಂದವರೇ ಹೆಚ್ಚು. ಮೊದಲ ಸುತ್ತಿನಲ್ಲಿ ಅವರೇ ಗೆದ್ದರು. ನಾವು ಬರೆದದ್ದು ಹನ್ನೊಂದು ಪುಟ. ರಾತ್ರಿ ಪಾಳಿಯಲ್ಲಿ ಅದನ್ನು ಬಿಡಿಸಿದವರಿಲ್ಲ. ಈಗಿರುವುದು ಮಂಚದ ಕಾಲಬದಿಗೆ ತೂಗುಹಾಕಿದ ಒಂದೇ ಹಾಳೆ. ಲ್ಯಾಮಿನೇಶನ್ ಸೇರಿ ನಲವತ್ತು ರೂಪಾಯಿ ಇರಬೇಕು.

ಕೈಕೊಟ್ಟದ್ದು ತೂಕ. 80 ಸೆಂ.ಮೀ. ಉದ್ದದ ಮಗುವಿಗೆ ತಕ್ಕ ತೂಕ ಸುಮಾರು ಹತ್ತೂವರೆ ಕಿಲೋ. ನೀರು ತುಂಬಿ ಊದಿಕೊಂಡಾಗ ತಕ್ಕಡಿ 13 ತೋರಿಸುತ್ತದೆ. ಒಂದು ಉಸಿರಿನ ಗಾಳಿಯನ್ನು ಆ 13ಕ್ಕೆ ಕಿಲೋಗೆ 8 ಮಿ.ಲೀ.ಯಂತೆ ಲೆಕ್ಕ ಹಾಕಿದರೆ ಶ್ವಾಸಕೋಶಕ್ಕೆ ಬೀಳುವುದು ತಕ್ಕ ತೂಕದ ಕಿಲೋಗೆ ಸುಮಾರು 10. ಈಗ ಟೇಪ್ ಹಿಡಿದು ಉದ್ದ ಅಳೆಯದೆ ಟೈಡಲ್ ವಾಲ್ಯೂಮ್ (ಒಂದು ಉಸಿರಿನ ಗಾಳಿ) ಬರೆಯುವಂತಿಲ್ಲ: ಕಿಲೋಗೆ 6ರಿಂದ 8 ಮಿ.ಲೀ., ಪ್ಲಾಟೋ (ಉಸಿರು ತುಂಬಿ ನಿಂತಾಗಿನ ಒತ್ತಡ) ನೀರಿನ 28 ಸೆಂ.ಮೀ. ಒಳಗೆ, ಡ್ರೈವಿಂಗ್ ಪ್ರೆಶರ್ (ಪ್ಲಾಟೋದಿಂದ ಪೀಪ್ ಕಳೆದದ್ದು; ಪೀಪ್ ಅಂದರೆ ಉಸಿರು ಬಿಟ್ಟ ಕೊನೆಯಲ್ಲೂ ಶ್ವಾಸಕೋಶದಲ್ಲಿ ಉಳಿಸುವ ಒತ್ತಡ) 15ರೊಳಗೆ. ರಕ್ತದ ಪಿಎಚ್ (ಆಮ್ಲತೆಯ ಅಳತೆ) 7.20ಕ್ಕಿಂತ ಇಳಿಯದಿದ್ದರೆ ಕಾರ್ಬನ್ ಡೈಆಕ್ಸೈಡ್ ಏರಿದ್ದಕ್ಕೆ ಗಾಬರಿಯಿಲ್ಲ.

ಎರಡನೆಯ ಮೋಸ ಸರ್ಕ್ಯೂಟಿನದು, ಅಂದರೆ ಯಂತ್ರದಿಂದ ಮಗುವಿಗೆ ಗಾಳಿ ಒಯ್ಯುವ ಕೊಳವೆಗಳದು. ಕೊಳವೆ 1 ಸೆಂ.ಮೀ. ಒತ್ತಡಕ್ಕೆ 1 ಮಿ.ಲೀ. ಹಿಗ್ಗಿದರೂ, ಪೀಪ್ ಮೇಲಿನ ಒತ್ತಡ 20 ಇದ್ದರೆ ಪ್ರತಿ ಉಸಿರಿಗೆ 20 ಮಿ.ಲೀ. ಅದರಲ್ಲೇ ಉಳಿಯುತ್ತದೆ. ಯಂತ್ರ ಇದನ್ನು ಕಳೆದು ತೋರಿಸದಿದ್ದರೆ ಪರದೆಯಲ್ಲಿ 40, ಆರು ಕಿಲೋ ಕೂಸಿಗೆ ಸಿಕ್ಕಿದ್ದು 20. ಉಸಿರಾಟದ ಟ್ಯೂಬಿನ ಬಾಯಲ್ಲೇ ಗಾಳಿಯ ಹರಿವು ಅಳೆಯುವ ಫ್ಲೋ ಸೆನ್ಸರ್ ಕೂರಿಸಿದೆವು. ಖರ್ಚಿನ ಬಾಬತ್ತು ಇದೇ. ತೇವ ನಿಂತರೆ ಸುಳ್ಳು ಹೇಳುತ್ತದೆ, ಒರಟಾಗಿ ತೊಳೆದರೆ ಒಳಗಿನ ತಂತಿಯೇ ಹೋಗುತ್ತದೆ. ಮೂರು ಹಾಳಾದ ಮೇಲೆ ತೊಳೆಯುವ ಕೆಲಸ ಒಬ್ಬರಿಗೇ ವಹಿಸಿದೆವು.

ಪೀಪ್ ವಿಷಯದಲ್ಲಿ ಜಗಳ ಜೋರು. ಬಿಪಿ ಬೀಳುತ್ತದೆಂದು ಪೀಪ್ 5ರಲ್ಲೇ ಬಿಟ್ಟು ಆಮ್ಲಜನಕ ಮಾತ್ರ 60, 70 ಶೇಕಡಾ ಏರಿಸುವ ಚಾಳಿ. ಎಆರ್‌ಡಿಎಸ್‌ನೆಟ್‌ನ (ಅಮೆರಿಕದ ಎಆರ್‌ಡಿಎಸ್ ಸಂಶೋಧನಾ ಜಾಲ) ಕಡಿಮೆ ಪೀಪ್ ಪಟ್ಟಿಯನ್ನೇ ಹಾಳೆಗೆ ಇಳಿಸಿದೆವು: ಆಮ್ಲಜನಕ 40 ಶೇಕಡಾ ಇದ್ದರೆ ಪೀಪ್ 5ರಿಂದ 8, 50ಕ್ಕೆ 8ರಿಂದ 10, 60ಕ್ಕೆ 10. ಈ ಪಟ್ಟಿಗಿಂತ ಕೆಳಗೆ ಪೀಪ್ ಇಟ್ಟ ಮಕ್ಕಳಲ್ಲಿ ಸಾವು ಹೆಚ್ಚೆಂದು 2018ರ ಅಧ್ಯಯನ ತೋರಿಸಿದ್ದು ವಾದಕ್ಕೆ ಒದಗಿತು. ಏರಿಸುವಾಗ ಎರಡೆರಡೇ, ನಡುವೆ ಬಿಪಿ ನೋಡಿಕೊಂಡು. ಪಟ್ಟಿ ಮೀರುವವರು ಕಾರಣ ಬರೆದು ಸಹಿ ಹಾಕಬೇಕು. ಆ ಸಹಿಯ ಕಾಲಂ ಬಂದ ಮೇಲೆ ಮೀರುವವರು ತಾವಾಗಿ ಕಡಿಮೆಯಾದರು.

ಸ್ಯಾಚುರೇಶನ್ (ರಕ್ತದಲ್ಲಿನ ಆಮ್ಲಜನಕದ ಶೇಕಡಾ ಮಟ್ಟ) ಗುರಿ 92ರಿಂದ 97. ಅದಕ್ಕಿಂತ ಮೇಲಿದ್ದರೆ ಆಮ್ಲಜನಕ ಇಳಿಸುವ ಅಧಿಕಾರ ಸಿಸ್ಟರ್‌ಗಳಿಗೇ ಕೊಟ್ಟೆವು. ನೂರು ಕಂಡರೆ ಖುಷಿಪಡುವವರಿಗೆ ಇದು ಒಗ್ಗಲಿಲ್ಲ. ಆದರೆ 97 ದಾಟಿದರೆ ಒಎಸ್‌ಐ (ಕಾಯಿಲೆಯ ತೀವ್ರತೆ ಹೇಳುವ ಅಂಕ) ಲೆಕ್ಕವನ್ನೇ ನಂಬುವಂತಿಲ್ಲ. ಮೀನ್ ಪ್ರೆಶರ್ (ಶ್ವಾಸನಾಳದ ಸರಾಸರಿ ಒತ್ತಡ) 18, ಆಮ್ಲಜನಕ 70, ಸ್ಯಾಚುರೇಶನ್ 92 ಅಂದರೆ 18 ಗುಣಿಸು 70 ಭಾಗಿಸು 92, ಹದಿಮೂರೂ ಮುಕ್ಕಾಲರ ಹತ್ತಿರ. 2023ರ ಪ್ಯಾಲಿಕ್-2 (ಮಕ್ಕಳ ಎಆರ್‌ಡಿಎಸ್ ಬಗ್ಗೆ ತಜ್ಞರ ಅಂತರರಾಷ್ಟ್ರೀಯ ಮಾರ್ಗಸೂಚಿ) ಪ್ರಕಾರ 12 ಮುಟ್ಟಿದರೆ ತೀವ್ರ.

ಬೋರಲು ಮಲಗಿಸಲು ಜೆಲ್ ದಿಂಬು ತರಿಸಿ ನೋಡಿದೆವು, ದುಡ್ಡು ದಂಡ. ಸುತ್ತಿದ ಬೆಡ್‌ಶೀಟೇ ವಾಸಿ, ಹೊಟ್ಟೆ ಒತ್ತದಂತೆ ಎದೆ ಮತ್ತು ಸೊಂಟದ ಕೆಳಗೆ ಮಾತ್ರ. ಟ್ಯೂಬ್ ಹಿಡಿದವರೇ ತಲೆಯನ್ನೂ ತಿರುಗಿಸಬೇಕು. ತಿರುಗಿಸುವ ಮುಂಚೆ, ಆಮೇಲೆ, ತುಟಿಯ ಬಳಿ ಎಷ್ಟು ಸೆಂ.ಮೀ. ಎಂದು ಗಟ್ಟಿಯಾಗಿ ಓದಬೇಕು. ಜೊಲ್ಲಿಗೆ ಪ್ಲಾಸ್ಟರ್ ಕಿತ್ತು ಬರದಂತೆ ಸುತ್ತುವ ನಮ್ಮದೊಂದು ಕ್ರಮ ಇದೆ. ಅದು ಬರೆದರೆ ಅರ್ಥವಾಗುವಂಥದ್ದಲ್ಲ, ಬಂದರೆ ತೋರಿಸುತ್ತೇವೆ.

ಕ್ಲೋಸ್ಡ್ ಸಕ್ಷನ್ (ಟ್ಯೂಬ್ ಬಿಚ್ಚದೆಯೇ ಕಫ ಎಳೆಯುವ ಸಾಧನ) ಎಲ್ಲರಿಗೂ ಹಾಕಲು ಬಜೆಟ್ ಇಲ್ಲ. ಪೀಪ್ 8 ದಾಟಿದವರಿಗೆ ಮಾತ್ರ, ಏಕೆಂದರೆ ಟ್ಯೂಬ್ ಬಿಚ್ಚಿದ ಕೂಡಲೇ ಕುಸಿಯುವುದು ಅವರ ಶ್ವಾಸಕೋಶವೇ.