ಮೊಳಕಾಲ್ಮೂರು ಅಂಚು, ಪ್ಲಾಸ್ಟಿಕ್ ಮಣಿ

ಇಸ್ತ್ರಿ ಪೆಟ್ಟಿಗೆಯಿಂದ ಕರಗಿಸಿ ಅಂಟಿಸುವ ಮಣಿ ಕೊಂಡವರೆಲ್ಲ ಮೊದಲು ಫೋನಿನ ಫೋಟೊ ಹುಡುಕುತ್ತಾರೆ. ಮಗುವಿನ ಮುಖ, ನಮ್ಮ ಚಿತ್ರದುರ್ಗದವರಾದರೆ ಕೋಟೆ ಬಾಗಿಲು. ಫೋಟೊವನ್ನು ಚೌಕಗಳಾಗಿ ಒಡೆದು ಕೊಡುವ ಆ್ಯಪ್‌ಗಳು ಬೇಕಾದಷ್ಟಿವೆ. ಆದರೆ ಮಣಿ ಸಿಕ್ಕಿಸುವ ಸಾಮಾನ್ಯ ಚೌಕ ಹಲಗೆಯಲ್ಲಿ 29 ಸಾಲು, ಸಾಲಿಗೆ 29 ಮೊಳೆ, ಮೊಳೆಗೊಂದು ಮಣಿ. ಒಟ್ಟು 841 ಮಣಿ ಅಷ್ಟೇ. ಅಷ್ಟರಲ್ಲಿ ಮುಖದ ಗುರುತು ಸಿಗುವುದೇ ಕಷ್ಟ. ಕೋಟೆ ಅಂದ್ರೆ ಬೂದು ಕಲ್ಲು, ಬೂದು ನೆರಳು, ಎಲ್ಲಾ ಒಂದೇ ಮುದ್ದೆ. ಅದಕ್ಕೇ ನಾನು ಫೋಟೊ ಗೊಡವೆಗೆ ಹೋಗಲ್ಲ. ಮೊದಲಿಂದಲೂ ಚೌಕದಲ್ಲೇ ಇರುವ ಚಿತ್ರ ನಮ್ಮ ಜಿಲ್ಲೆಯಲ್ಲೇ ಇದೆಯಲ್ವಾ, ಮೊಳಕಾಲ್ಮೂರು ರೇಷ್ಮೆ ಸೀರೆಯ ಅಂಚು!

ಇಂಥ ಚಿತ್ರ ನೇಯುವ ಜಕಾರ್ಡ್ ಮಗ್ಗಕ್ಕೆ ಡಿಸೈನನ್ನು ಮೊದಲು ಗ್ರಾಫ್ ಹಾಳೆ ಮೇಲೆ ಬರೆಯುತ್ತಾರೆ. ಆಮೇಲೆ ಅದನ್ನು ನೋಡಿ ರಟ್ಟಿನ ಕಾರ್ಡಿಗೆ ತೂತು ಹೊಡೆಯುತ್ತಾರೆ. ತೂತಿದ್ದ ಕಡೆ ಎಳೆ ಮೇಲೇಳುತ್ತದೆ. ನಮ್ಮ ದೊಡ್ಡಪ್ಪ ಮಗ್ಗದಲ್ಲಿ ಕೂತವರು. ನಾನು ಅಂಚಿನ ಹಂಸ ಬರೆಯುವುದನ್ನು ನೋಡಿ, "ಮೊದ್ಲು ಮಧ್ಯದ ಮನೆ ಯಾವ್ದು ಅಂತ ಗುರ್ತು ಮಾಡ್ಕೊಳಮ್ಮ" ಅಂದರು. ಇದು ಮಣಿಗೂ ಸರಿ. 29 ಬೆಸ ಸಂಖ್ಯೆ, ಆ ಕಡೆ 14, ಈ ಕಡೆ 14, ನಡುವೆ ಒಂದು. ಎದುರುಬದುರು ಹಂಸಗಳ ಮಧ್ಯೆ ಹೂವಿನ ದಂಟು ಸರಿಯಾಗಿ ಕೂರುತ್ತದೆ. ಎರಡು ಹಲಗೆ ಜೋಡಿಸಿದರೆ 58, ನಡುಮನೆಯೇ ಮಾಯ! ಆಗ ನಾನು ಕೊನೆಯ ಸಾಲು ಖಾಲಿ ಬಿಟ್ಟು 57ಕ್ಕೇ ಡಿಸೈನ್ ಮುಗಿಸುತ್ತೇನೆ.

ಸೀರೆಯ ಎಳೆ ಎಣಿಸಿ ಹಾಗ್ಹಾಗೇ ಮಣಿ ಇಡಬೇಡಿ. ಮಗ್ಗದಲ್ಲಿ ಹಾಸಿನ ಎಳೆ, ಹೊಕ್ಕಿನ ಎಳೆ ಒಂದೇ ಲೆಕ್ಕದಲ್ಲಿ ಇರಬೇಕೆಂದಿಲ್ಲ. ಮಣಿಯ ಮನೆ ಮಾತ್ರ ಎರಡೂ ಕಡೆ ಸಮ. ಎಳೆ ಲೆಕ್ಕ ಹಿಡಿದರೆ ಹಂಸ ಬಾತುಕೋಳಿಯ ಹಾಗೆ ದಪ್ಪಗಾಗಬಹುದು. ಸ್ಕೇಲಿಟ್ಟು ಅಗಲ, ಎತ್ತರ ಅಳೆದುಕೊಳ್ಳುವುದೇ ಒಳ್ಳೆಯದು.

ಜಾಸ್ತಿ ಹೊತ್ತು ಹಿಡಿಯುವುದು ಹಂಸದ ಕತ್ತು. ಬಾಗಿದ ಗೆರೆಯ ಮೆಟ್ಟಿಲು, ಅಂದರೆ ಒಂದೊಂದು ಸಾಲಿಗೆ ಇಡುವ ಮಣಿ, 4, 2, 1, 1, 2, 4 ಅಂತ ಕ್ರಮವಾಗಿ ಇಳಿದು ಏರಬೇಕು. ನಡುವೆ 1, 3, 1 ಬಂತೋ, ಕತ್ತು ಮುರಿದಂತೆ ಕಾಣುತ್ತದೆ. ಕಣ್ಣಿಗೆ ಒಂದೇ ಕಪ್ಪು ಮಣಿ ಸಾಕು. ಜರಿಗೆ ಚಿನ್ನದ ಬಣ್ಣದ ಮಣಿಯೇ ಬೇಕೆಂದಿಲ್ಲ. ಗಾಢ ಕುಂಕುಮದ ಬಣ್ಣದ ಪಕ್ಕ ಸಾಸಿವೆ ಹಳದಿ ಇಟ್ಟು ನೋಡಿ, ಅದೇ ಮಿಂಚುತ್ತದೆ.

ಈಗ ಇಸ್ತ್ರಿ. ಹಲಗೆ ಮೇಲೇ ಬಿಸಿ ಮಾಡಿದರೆ ಹಲಗೆ ಸೊಟ್ಟಗಾಗುವ ಭಯ. ಹಾಗಾಗಿ ಮಣಿಗಳ ಮೇಲೆ ಮಾಸ್ಕಿಂಗ್ ಟೇಪ್ ಒತ್ತಿ ಅಂಟಿಸಿ, ತಿರುಗಿಸಿ, ಹಲಗೆಯನ್ನು ನಿಧಾನವಾಗಿ ಎತ್ತುತ್ತೇನೆ. ಈಗ ಮೇಲೆ ಕಾಣುವುದು ಕನ್ನಡಿಯ ಚಿತ್ರ. ಹೆಸರು ಬರೆದಿದ್ದರೆ ಅಕ್ಷರ ಉಲ್ಟಾ ಕಾಣುತ್ತವೆ, ಗಾಬರಿ ಬೇಡ, ಟೇಪಿನ ಬದಿಯೇ ಮುಂಬದಿ. ಮೇಲೆ ಬೇಕಿಂಗ್ ಪೇಪರ್ ಇಟ್ಟು, ಸ್ಟೀಮ್ ಆಫ್ ಮಾಡಿ, ಮಧ್ಯಮ ಬಿಸಿಯಲ್ಲಿ ಸುತ್ತಸುತ್ತ ಆಡಿಸಿ. ಒಂದೇ ಕಡೆ ಒತ್ತಿ ನಿಲ್ಲಿಸಿದರೆ ಅಲ್ಲಿ ಮಣಿ ಚಪ್ಪಟೆ, ಅಂಚಿನಲ್ಲಿ ಹಸಿ. ಬೇರೆ ಬೇರೆ ಕಂಪನಿಯ ಮಣಿ ಒಂದೇ ಹದಕ್ಕೆ ಕರಗದಿರಬಹುದು, ಬೆರೆಸದಿದ್ದರೆ ತಲೆನೋವಿಲ್ಲ.

ಎಷ್ಟು ಕರಗಿಸಬೇಕು? ನೆರೆಯ ಮಣಿಗಳು ಅಂಟಿಕೊಂಡು, ನಡುವಿನ ತೂತು ಸಣ್ಣದಾಗಿ ಉಳಿದರೆ ನನಗೆ ಇಷ್ಟ. ತೂತು ಪೂರ್ತಿ ಮುಚ್ಚಿದರೆ ಗಟ್ಟಿಯಾಗುತ್ತದೆ ನಿಜ, ಆದರೆ ಮಣಿಯ ಚೆಲುವೇ ಹೋಗುತ್ತದೆ. ಬಿಸಿ ಇರುವಾಗಲೇ ದಪ್ಪ ಪುಸ್ತಕದ ಅಡಿ ಇಟ್ಟುಬಿಡಿ, ಇಲ್ಲದಿದ್ದರೆ ಅಂಚು ಹಪ್ಪಳದಂತೆ ಏಳುತ್ತದೆ. ತಣ್ಣಗಾದ ಮೇಲೆ ಟೇಪ್ ಬಿಡಿಸಿ, ಮುಂಬದಿಗೂ ಹಗುರವಾಗಿ ಒಂದು ಸುತ್ತು.

ಆಯಿತು, ಗೋಡೆಗೆ ಹಾಕಿ, ಫ್ರಿಜ್‌ಗೆ ಆಯಸ್ಕಾಂತ ಅಂಟಿಸಿ. ಬಿಸಿ ಪಾತ್ರೆ ಇಡುವ ತಟ್ಟೆ ಮಾಡೋಣ ಅಂದವರಿಗೆ ಮಾತ್ರ ಬೇಡ ಅನ್ನುತ್ತೇನೆ. ಒಲೆಯಿಂದ ಇಳಿಸಿದ ಸಾರಿನ ಪಾತ್ರೆಗೂ ಇಸ್ತ್ರಿ ಪೆಟ್ಟಿಗೆಗೂ ಮಣಿಗೆ ವ್ಯತ್ಯಾಸ ಗೊತ್ತಾಗಲ್ಲ.